ಚೆಲುವಿನ ಮರೆಯಲ್ಲಿ ಮದ್ಯ

ದುಶ್ಚಟವು ತನ್ನ ನಿಜವಾದ ಹೆಸರು ಹೇಳಿಕೊಂಡು ಮನೆಯ ಬಾಗಿಲಿಗೆ ಬರುವುದು ಅಪರೂಪ. ಜೂಜು ಮನರಂಜನೆಯೆಂದು ಹೇಳಿಕೊಂಡು ಬರುತ್ತದೆ. ಲಂಚ ಕಾಣಿಕೆಯೆಂದು ಹೇಳಿಕೊಂಡು ಬರುತ್ತದೆ. ವರದಕ್ಷಿಣೆ ಉಡುಗೊರೆಯೆಂದು ಹೇಳಿಕೊಂಡು ಬರುತ್ತದೆ. ಈಚಿನ ದಶಕಗಳಲ್ಲಿ ಮದ್ಯವು ತನಗಾಗಿ ಆರಿಸಿಕೊಂಡಿರುವ ಹೆಸರು ಇವೆಲ್ಲಕ್ಕಿಂತ ಸೊಗಸಾದುದು. ಅದು ನಿಸರ್ಗದರ್ಶನವೆಂದು ಹೇಳಿಕೊಂಡು ಬರುತ್ತಿದೆ. ಎದುರಿಗೆ ನೀಲಿ ಸರೋವರ, ಹಿಂದೆ ಬೆಟ್ಟಗಳ ಸಾಲು, ಇಳಿಜಾರಿನಲ್ಲಿ ದ್ರಾಕ್ಷಿಯ ತೋಟ, ತೋಟದ ನಡುವೆ ಅಂದವಾದ ಒಂದು ಚಿಕ್ಕ ಕಟ್ಟಡ, ಅದರ ಜಗುಲಿಯ ಮೇಲೆ ತೆಳುಗಾಜಿನ ಲೋಟ. ಇದಕ್ಕೆ ಹೆಂಡದಂಗಡಿಯೆಂಬ ಹೆಸರಿಲ್ಲ, ‘ಬುಟಿಕ್ ವೈನರಿ’ ಎಂಬ ಹೆಸರಿದೆ. ಅಲ್ಲಿ ಕುಡಿಯುವುದಕ್ಕೆ ಕುಡಿತವೆಂಬ ಹೆಸರಿಲ್ಲ, ‘ರುಚಿ ನೋಡುವುದು’ ಎಂಬ ಹೆಸರಿದೆ.

ಕೆನಡಾ ದೇಶದ ಪಶ್ಚಿಮ ಪ್ರಾಂತವಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಓಕನಾಗನ್ ಕಣಿವೆಯು ಇಂಥ ಪ್ರವಾಸಕ್ಕೆ ಹೆಸರಾದ ಸ್ಥಳ. ವ್ಯಾಂಕೂವರ್, ಕ್ಯಾಲ್ಗರಿ ಮೊದಲಾದ ನಗರಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗುತ್ತಾರೆ. ಊರಿನಿಂದ ಬಂದ ತಂದೆತಾಯಿಗಳನ್ನೂ ಕರೆದುಕೊಂಡು ಹೋಗುತ್ತಾರೆ. ಅವರಲ್ಲಿ ಕೆಲವರು ಪತ್ರ ಬರೆದು, “ಪೂಜ್ಯರೆ, ಇದು ಕುಡಿತವಲ್ಲವಷ್ಟೆ? ಆ ನಾಡಿನ ಸಂಸ್ಕೃತಿಯ ಪರಿಚಯವೆಂದು ತಿಳಿಯಬಹುದಲ್ಲವೆ?” ಎಂದು ಕೇಳಿದ್ದಾರೆ. ಕೇಳಿದವರ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಪ್ರಶ್ನೆಯೊಳಗೇ ಅವರು ಬಯಸುವ ಉತ್ತರ ಅಡಗಿರುವುದನ್ನೂ ಕಂಡಿದ್ದೇವೆ. ನಮ್ಮ ಉತ್ತರ ಬೇರೆ: ಕಣಿವೆಯನ್ನು ಕಣ್ತುಂಬ ನೋಡಿರಿ, ಲೋಟವನ್ನು ಮುಟ್ಟಬೇಡಿರಿ. ಚೆಲುವು ಒಂದು, ಅದನ್ನು ಮುಂದಿಟ್ಟುಕೊಂಡು ಮಾರುವ ಸರಕು ಇನ್ನೊಂದು. ಇವೆರಡನ್ನೂ ಒಂದೆಂದು ನಂಬಿಸುವುದೇ ಈ ಇಡೀ ವ್ಯಾಪಾರದ ಮರ್ಮ.

ಕಣಿವೆಯ ಚೆಲುವನ್ನು ಅಲ್ಲಗಳೆಯುವ ಅರಸಿಕತೆ ನಮಗಿಲ್ಲ. ಹಿಮನದಿಗಳು ಕೊರೆದುಹೋದ ತಗ್ಗಿನಲ್ಲಿ ಓಕನಾಗನ್ ಸರೋವರವು ಉತ್ತರದಿಂದ ದಕ್ಷಿಣಕ್ಕೆ ಸುಮಾರು 135 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಅಗಲ ಮಾತ್ರ ನಾಲ್ಕೈದು ಕಿಲೋಮೀಟರ್. ಅದರ ನಡುಭಾಗದ ದಡದಲ್ಲಿ ಕೆಲೋನಾ, ದಕ್ಷಿಣದ ತುದಿಯಲ್ಲಿ ಪೆಂಟಿಕ್ಟನ್, ಇನ್ನೂ ಕೆಳಗೆ ಆಲಿವರ್ ಮತ್ತು ಒಸೂಯೂಸ್ ಎಂಬ ಪಟ್ಟಣಗಳಿವೆ. ಅಲ್ಲಿಗೆ ಕೆನಡಾದ ನೆಲ ಮುಗಿದು ಅಮೆರಿಕದ ನೆಲ ಮೊದಲಾಗುತ್ತದೆ. ಪಶ್ಚಿಮದ ಪರ್ವತಗಳು ಮಳೆಯನ್ನು ತಡೆಯುವುದರಿಂದ ಬೇಸಗೆ ಒಣಗಿದ್ದು, ಬಿಸಿಲು ದೀರ್ಘವಾಗಿರುತ್ತದೆ. ಆಳವಾದ ಸರೋವರವು ಹಗಲಿನ ಶಾಖವನ್ನು ಹಿಡಿದಿಟ್ಟು ದಡದ ತೋಟಗಳ ಚಳಿಯನ್ನು ತಗ್ಗಿಸುತ್ತದೆ. ಸೇಬು, ಚೆರಿ, ಪೀಚ್ ಹಣ್ಣುಗಳಿಗೂ ದ್ರಾಕ್ಷಿಗೂ ಇದು ಹೇಳಿ ಮಾಡಿಸಿದ ನೆಲ. ಈ ಭಾಗದ ದಕ್ಷಿಣದ ತೋಟಗಳಲ್ಲಿ ಪಂಜಾಬಿನಿಂದ ಹೋದ ಅನೇಕ ಕುಟುಂಬಗಳು ತಲೆಮಾರುಗಳಿಂದ ದುಡಿದು ಭೂಮಾಲೀಕರಾಗಿವೆ ಎಂಬುದು ಭಾರತೀಯರಿಗೆ ಅಭಿಮಾನದ ಸಂಗತಿ.

ಇಲ್ಲಿಯ ದ್ರಾಕ್ಷಿಯ ಕಥೆಯೂ ತಿಳಿಯತಕ್ಕುದು. 1859ರಲ್ಲಿ ಈಗಿನ ಕೆಲೋನಾದ ಬಳಿ ನೆಲೆಯೂರಿದ ಕ್ರೈಸ್ತ ಪಾದ್ರಿ ಪ್ಯಾಂಡೋಸಿಯವರ ಆಶ್ರಮದಲ್ಲಿ ಪೂಜೆಯ ಬಳಕೆಗಾಗಿ ಬಳ್ಳಿಗಳನ್ನು ನೆಟ್ಟರೆಂದು ಹೇಳುತ್ತಾರೆ. ಇದೇ ಪ್ರಾಂತದ ಜನ ಒಮ್ಮೆ ಮತ ಹಾಕಿ ಪಾನನಿಷೇಧವನ್ನು ತಂದರು. ಅದು 1917ರಿಂದ 1921ರವರೆಗೆ ಜಾರಿಯಲ್ಲಿತ್ತು. ಇಂದಿನ ರೂಪದ ವೈನರಿಗಳಿಗೆ ದಾರಿ ಮಾಡಿದ್ದು 1988ರ ಅಮೆರಿಕ-ಕೆನಡಾ ಮುಕ್ತ ವ್ಯಾಪಾರದ ಒಪ್ಪಂದ. ಅಗ್ಗದ ಹೊರನಾಡಿನ ವೈನ್ ಒಳನುಗ್ಗಿದರೆ ತಮ್ಮ ಬೆಳೆ ನಿಲ್ಲದೆಂದು ಅರಿತ ಬೆಳೆಗಾರರು, ಸರಕಾರದ ಪರಿಹಾರಧನ ಪಡೆದು, ಇದ್ದ ಬಳ್ಳಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಕಿತ್ತುಹಾಕಿದರು. ಯುರೋಪಿನ ತಳಿಗಳನ್ನು ನೆಟ್ಟರು. 1990ರಲ್ಲಿ ಗುಣಮಟ್ಟದ ಮುದ್ರೆಯೊಂದನ್ನು ಏರ್ಪಡಿಸಿಕೊಂಡರು. ಆಗ ಇಡೀ ಪ್ರಾಂತದಲ್ಲಿ ಇಪ್ಪತ್ತಕ್ಕೂ ಕಡಿಮೆಯಿದ್ದ ದ್ರಾಕ್ಷಿಯ ವೈನರಿಗಳು ಈಗ ಈ ಕಣಿವೆಯೊಂದರಲ್ಲಿಯೇ ನೂರೈವತ್ತನ್ನು ಮೀರಿವೆ. ಸಣ್ಣ ಉತ್ಪಾದಕನು ದೊಡ್ಡ ಕಂಪನಿಯೊಡನೆ ಬೆಲೆಯಲ್ಲಿ ಪೈಪೋಟಿ ಮಾಡಲಾರ. ಆದುದರಿಂದ ಅವನು ಸೀಸೆಯನ್ನು ಮಾತ್ರ ಮಾರುವುದಿಲ್ಲ. ಸೀಸೆಯ ಹಿಂದಿರುವ ಸರೋವರವನ್ನೂ ಬೆಟ್ಟವನ್ನೂ ಮಾರುತ್ತಾನೆ. ಗಿರಾಕಿ ತೋಟಕ್ಕೇ ಬರಬೇಕು, ಕುಳಿತು ನೋಡಬೇಕು, ನಾಲ್ಕೈದು ಬಗೆ ಸವಿಯಬೇಕು, ಕೊಂಡರೆ ರುಚಿಯ ಶುಲ್ಕದಲ್ಲಿ ರಿಯಾಯಿತಿ ಪಡೆಯಬೇಕು, ಹೊರಡುವಾಗ ಸದಸ್ಯನಾಗಿ ಹೆಸರು ಬರೆಯಿಸಿ ವರ್ಷವಿಡೀ ಮನೆಗೆ ಪೆಟ್ಟಿಗೆ ತರಿಸಿಕೊಳ್ಳಬೇಕು. ಪ್ರವಾಸವೆಂಬುದು ಒಂದು ದಿನದ ಮಾತು. ಚಟವು ಪೆಟ್ಟಿಗೆಯಲ್ಲಿ ಹಿಂಬಾಲಿಸುತ್ತದೆ.

ಈ ಪ್ರವಾಸದ ಪರವಾಗಿ ಹೇಳುವ ವಾದಗಳು ಮೂರು. ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ವಾದ: ಇದು ಕುಡಿತವಲ್ಲ, ರಸಾಸ್ವಾದನೆ. ಹಾಗಾದರೆ ಲೆಕ್ಕ ಹಾಕೋಣ. ಒಂದು ವೈನರಿಯಲ್ಲಿ ತಲಾ 30 ಮಿಲಿಲೀಟರಿನಂತೆ ಐದು ಬಗೆಯನ್ನು ಸವಿದರೆಂದು ಇಟ್ಟುಕೊಳ್ಳಿರಿ. ಒಟ್ಟು 150 ಮಿಲಿಲೀಟರ್. ಕೆನಡಾದಲ್ಲಿ ಒಂದು ‘ಪ್ರಮಾಣಬದ್ಧ ಪಾನ’ವೆಂದರೆ ನೂರಕ್ಕೆ ಹನ್ನೆರಡರಷ್ಟು ಆಲ್ಕೋಹಾಲ್ ಇರುವ ವೈನಿನ 142 ಮಿಲಿಲೀಟರ್. ಒಂದು ದಿನದಲ್ಲಿ ನಾಲ್ಕು ವೈನರಿ ಸುತ್ತಿದವನು ‘ರುಚಿ ನೋಡುತ್ತಲೇ’ ನಾಲ್ಕು ಪಾನವನ್ನು ಮೀರಿರುತ್ತಾನೆ. ಆ ದೇಶದ ಮಾದಕವಸ್ತುಗಳ ಅಧ್ಯಯನ ಕೇಂದ್ರವು 2023ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗದರ್ಶನದಲ್ಲಿ ವಾರಕ್ಕೆ ಒಂದೆರಡು ಪಾನವನ್ನು ಕಡಮೆ ಅಪಾಯವೆಂದೂ, ಮೂರರಿಂದ ಆರನ್ನು ಮಧ್ಯಮ ಅಪಾಯವೆಂದೂ, ಏಳನ್ನು ಮುಟ್ಟಿದರೆ ಅಪಾಯ ಹೆಚ್ಚುತ್ತ ಹೋಗುವುದೆಂದೂ ಹೇಳಿದೆ. ಎಂದರೆ ಎರಡು ವಾರದ ಮಿತಿಯನ್ನು ಆ ಪ್ರವಾಸಿಗನು ಸಂಜೆಯಾಗುವುದರೊಳಗೆ ದಾಟಿದ. ಮದ್ಯವು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ವಿಭಾಗವು 2023ರಲ್ಲಿ ಸಾರಿದೆ. ಹಳ್ಳಿಯ ಸಾರಾಯಿಯಲ್ಲಿ ಇದ್ದ ಆಲ್ಕೋಹಾಲೂ ತೆಳುಗಾಜಿನ ಲೋಟದಲ್ಲಿರುವ ಆಲ್ಕೋಹಾಲೂ ಒಂದೇ ದ್ರವ್ಯ. ಸರೋವರದ ನೋಟಕ್ಕೆ ಯಕೃತ್ತು ಮನಸೋಲುವುದಿಲ್ಲ.

ನಿಜವಾಗಿ ರುಚಿಯನ್ನೇ ಪರೀಕ್ಷಿಸುವ ವೃತ್ತಿಯವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಅದಕ್ಕಾಗಿ ಪಾತ್ರೆಯೊಂದನ್ನು ಇಟ್ಟಿರುತ್ತಾರೆ. ರಸಾಸ್ವಾದನೆಗೆಂದೇ ಹೋದೆವೆನ್ನುವ ನಮ್ಮ ಪ್ರವಾಸಿಗರಲ್ಲಿ ಆ ಪಾತ್ರೆಯನ್ನು ಬಳಸಿದವರು ಎಷ್ಟು ಮಂದಿ ಎಂಬುದನ್ನು ಅವರೇ ತಮ್ಮ ಮನಸ್ಸಾಕ್ಷಿಗೆ ಹೇಳಿಕೊಳ್ಳಲಿ. ಅಲ್ಲದೆ ಈ ವೈನರಿಗಳು ಬೆಟ್ಟದ ಅಂಕುಡೊಂಕಿನ ದಾರಿಗಳಲ್ಲಿ ಚೆದರಿವೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿಯೇ ಹೋಗಬೇಕು. ರಕ್ತದಲ್ಲಿ ಮದ್ಯದ ಪ್ರಮಾಣ ನೂರಕ್ಕೆ 0.05 ಮುಟ್ಟಿದರೆ ಚಾಲಕನನ್ನು ರಸ್ತೆಯಲ್ಲಿಯೇ ತಡೆದು ಪರವಾನಗಿ ಕಿತ್ತುಕೊಳ್ಳುವ ಕಟ್ಟುನಿಟ್ಟಿನ ಕ್ರಮವನ್ನು ಈ ಪ್ರಾಂತವು 2010ರಲ್ಲಿ ತಂದದ್ದು ಸುಮ್ಮನೆ ಅಲ್ಲ.

ಕೆನಡಾದ ವಾಯವ್ಯದ ಯೂಕಾನ್ ಪ್ರದೇಶದಲ್ಲಿ 2017ರಲ್ಲಿ ಸಂಶೋಧಕರು ಮದ್ಯದ ಸೀಸೆಗಳ ಮೇಲೆ ಕ್ಯಾನ್ಸರಿನ ಎಚ್ಚರಿಕೆಯ ಚೀಟಿ ಅಂಟಿಸಿ ಜನರ ಪ್ರತಿಕ್ರಿಯೆಯನ್ನು ಅಳೆಯಹೊರಟರು. ಮದ್ಯೋದ್ಯಮವು ಕೂಗೆಬ್ಬಿಸಿತು, ಕೆಲವೇ ವಾರಗಳಲ್ಲಿ ಆ ಚೀಟಿ ಅಂಟಿಸುವುದನ್ನು ನಿಲ್ಲಿಸಬೇಕಾಯಿತು. ಸೀಸೆಯ ಮೇಲೆ ಬೆಟ್ಟದ ಚಿತ್ರವಿರಬಹುದು, ಸರೋವರದ ಚಿತ್ರವಿರಬಹುದು, ಸತ್ಯದ ಒಂದು ಸಾಲು ಮಾತ್ರ ಇರಕೂಡದು! ರಸಾಸ್ವಾದನೆಯೆನ್ನುವವರು ಈ ಸಂಗತಿಗೆ ಏನು ಸಮಾಧಾನ ಹೇಳುತ್ತಾರೆ?

ಎರಡನೆಯ ವಾದ: ವೈನರಿಗೆ ಹೋಗುವುದು ನಿಸರ್ಗವನ್ನು ಪ್ರೀತಿಸುವ ಒಂದು ರೀತಿ. ಅಲ್ಲಿ ನಿಸರ್ಗಕ್ಕೆ ಏನಾಗಿದೆಯೆಂಬುದನ್ನು ನೋಡಿರಿ. ಕಣಿವೆಯ ದಕ್ಷಿಣದಲ್ಲಿ ಆ್ಯಂಟಿಲೋಪ್ ಬ್ರಷ್ ಎಂಬ ಪೊದೆಗಿಡಗಳ ಒಣಬಯಲು ಇತ್ತು. ಕೆನಡಾದಲ್ಲಿ ಅತಿ ಹೆಚ್ಚು ಅಪಾಯಕ್ಕೆ ಸಿಲುಕಿದ ಜೀವನೆಲೆಗಳಲ್ಲಿ ಅದೂ ಒಂದು. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಈಗಾಗಲೆ ಅಳಿದಿದೆ. ಅಳಿಯಲು ಮುಖ್ಯ ಕಾರಣಗಳಲ್ಲಿ ದ್ರಾಕ್ಷಿತೋಟದ ವಿಸ್ತರಣೆಯೂ ಸೇರಿದೆ. ಆ ಪೊದೆಯನ್ನೇ ನಂಬಿ ಬದುಕುವ ಚಿಟ್ಟೆಯೊಂದು ಕೆನಡಾದಲ್ಲಿ ನಶಿಸುವ ಹಂತ ತಲಪಿದೆ. ನೋಡುವ ಕಣ್ಣಿಗೆ ಸಾಲುಸಾಲಾದ ಬಳ್ಳಿಗಳು ಹಸುರೇ. ಆದರೆ ಆ ಹಸುರು ಬೇರೊಂದು ಹಸುರಿನ ಸಮಾಧಿಯ ಮೇಲೆ ನಿಂತದ್ದು. ಇಷ್ಟು ದೊಡ್ಡ ಸರೋವರವಿದ್ದರೂ ಕಣಿವೆಯು ಒಣನಾಡು. ಮಳೆ ಹಿಮಗಳಿಂದ ವರ್ಷವರ್ಷ ತುಂಬಿಬರುವ ನೀರು ಅಲ್ಪ. ತೋಟಗಳು ನಿಂತಿರುವುದು ನೀರಾವರಿಯಿಂದಲೇ.

ಸರೋವರಕ್ಕಾದ ಇನ್ನೊಂದು ಅವಮಾನವೂ ಇದೆ. ಕಣಿವೆಯ ಮೂಲನಿವಾಸಿಗಳಾದ ಸೀಲ್ಖ್ ಜನರಿಗೆ ಆ ನೀರಿನಲ್ಲಿ ನೆಲಸಿದ ಚೇತನವೊಂದು ಪೂಜ್ಯ. ವಲಸೆ ಬಂದವರು ಅದನ್ನು ‘ಓಗೊಪೊಗೊ’ ಎಂಬ ನಗೆಯ ಹೆಸರಿನ ಜಲರಾಕ್ಷಸನನ್ನಾಗಿ ಮಾಡಿ, ಅದರ ಬೊಂಬೆಗಳನ್ನು ಅಂಗಡಿಗಳಲ್ಲಿ ಮಾರಿದರು. 2021ರಲ್ಲಿ ವರ್ನನ್ ನಗರಸಭೆಯು ಆ ಹೆಸರಿನ ಮೇಲೆ ತನಗಿದ್ದ ಹಕ್ಕನ್ನು ಒಂದು ಡಾಲರಿನ ಬೆಲೆಗೆ ಮೂಲನಿವಾಸಿಗಳ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಒಂದು ಜನಾಂಗದ ಪೂಜ್ಯವಸ್ತುವನ್ನು ಬೊಂಬೆ ಮಾಡಿದ ಪ್ರವಾಸೋದ್ಯಮದ ಬುದ್ಧಿಯೇ ಸರೋವರವನ್ನು ಸೀಸೆಯ ಚೀಟಿಯ ಚಿತ್ರವಾಗಿ ಮಾಡಿದ್ದು. ಇದು ನಿಸರ್ಗಪ್ರೀತಿಯಲ್ಲ, ನಿಸರ್ಗವನ್ನು ದಲ್ಲಾಳಿಯಾಗಿ ದುಡಿಸಿಕೊಳ್ಳುವುದು.

ಮೂಲನಿವಾಸಿಗಳ ಮಾತು ಬಂದುದರಿಂದ ಒಂದು ಕುಯುಕ್ತಿಗೂ ಇಲ್ಲಿಯೇ ಉತ್ತರ ಹೇಳಬೇಕು. ಒಸೂಯೂಸಿನ ಮೂಲನಿವಾಸಿಗಳ ಸಮುದಾಯವು 1968ರಲ್ಲಿ ದ್ರಾಕ್ಷಿತೋಟ ಹಾಕಿ, 2002ರಲ್ಲಿ ದೊಡ್ಡ ಕಂಪನಿಯೊಂದರ ಪಾಲುಗಾರಿಕೆಯೊಡನೆ ಇಂಕಮೀಪ್ ಎಂಬ ವೈನರಿಯನ್ನು ತೆರೆಯಿತು. ಇದನ್ನು ತೋರಿಸಿ, “ನೋಡಿರಿ, ನೊಂದವರ ಉದ್ಧಾರವೂ ವೈನಿನಿಂದಲೇ” ಎನ್ನುತ್ತಾರೆ. ಅದೇ ದೇಶದ 1876ರ ಕಾಯಿದೆಯು ಮೂಲನಿವಾಸಿಗಳಿಗೆ ಮದ್ಯ ಮಾರುವುದನ್ನು ಅಪರಾಧವೆಂದಿತ್ತು. ಅವರ ಅಮಲನ್ನು ಮಾತ್ರ ಬೇರೆಯಾಗಿ ದಂಡಿಸುವ ವಿಧಿಯೊಂದನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ನಿಷ್ಫಲಗೊಳಿಸಿತು. ಯಾರ ನೆಲವನ್ನು ಒಪ್ಪಂದವಿಲ್ಲದೆ ಆಕ್ರಮಿಸಿದರೋ ಅವರು ಆ ನೆಲದ ಚೂರಿನ ಮೇಲೆ ತಮ್ಮ ಬದುಕನ್ನು ಕಟ್ಟಿಕೊಂಡರೆ ಅವರಿಗೆ ನೀತಿ ಹೇಳುವ ಅಧಿಕಾರ ನಮಗಿಲ್ಲ. ಆದರೆ ಅವರ ಸಂಕಟವನ್ನು ತಮ್ಮ ಲೋಟಕ್ಕೆ ಸಮರ್ಥನೆಯಾಗಿ ಎತ್ತಿಕೊಳ್ಳುವ ಪ್ರವಾಸಿಗನಿಗೆ ಹೇಳುವುದಿದೆ: ಅವರ ಬಗೆಗೆ ಗೌರವವಿದ್ದರೆ ಅವರ ಚರಿತ್ರೆಯನ್ನು ಓದು. ಅದಕ್ಕೆ ಸೀಸೆ ಬೇಕಿಲ್ಲ.

ಮೂರನೆಯ ವಾದ ಹೆಚ್ಚು ತೂಕದ್ದು: ಇದರಿಂದ ಸಣ್ಣ ರೈತನು ಬದುಕುತ್ತಾನೆ. ರೈತನ ಹೆಸರೆತ್ತಿದರೆ ಮಠದವರು ಮೌನ ತಾಳುವರೆಂದು ಕೆಲವರ ಎಣಿಕೆ. ಕೃಷಿಭೂಮಿಯು ನಿವೇಶನವಾಗದಂತೆ ಆ ಪ್ರಾಂತವು 1973ರಲ್ಲಿಯೇ ಕಾನೂನು ಮಾಡಿದ್ದು ಶ್ಲಾಘನೀಯ. ತೋಟ ಉಳಿಯಲು ವೈನರಿಗಳು ಸ್ವಲ್ಪಮಟ್ಟಿಗೆ ನೆರವಾದುದೂ ನಿಜ. ಆದರೆ ತೋಟದಲ್ಲಿ ಬೆವರು ಸುರಿಸುವವರು ಯಾರು? ಬೇಸಗೆಯಲ್ಲಿ ಮೆಕ್ಸಿಕೋದಿಂದ, ಕೆರಿಬಿಯನ್ ದ್ವೀಪಗಳಿಂದ ಹಂಗಾಮಿನ ಕೆಲಸಗಾರರು ಬರುತ್ತಾರೆ. ಈ ಪ್ರಾಂತವು ಆ ಯೋಜನೆಗೆ ಸೇರಿದುದು 2004ರಲ್ಲಿ. ವರ್ಷಕ್ಕೆ ಹೆಚ್ಚೆಂದರೆ ಎಂಟು ತಿಂಗಳ ಅನುಮತಿ. ಅದೂ ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ್ದು. ಹೆಂಡತಿ ಮಕ್ಕಳು ದೂರದ ಊರಿನಲ್ಲಿ. ಹತ್ತು ಹಂಗಾಮು ದುಡಿದರೂ ಆ ದುಡಿಮೆಯೊಂದರಿಂದಲೇ ಆ ನಾಡಿನಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. ಕೆನಡಾಕ್ಕೆ ಹೆಸರು ತಂದ ಐಸ್‌ವೈನಿಗಾಗಿ ಬಳ್ಳಿಯಲ್ಲಿಯೇ ಹೆಪ್ಪುಗಟ್ಟಿದ ಹಣ್ಣನ್ನು ಶೂನ್ಯಕ್ಕಿಂತ ಎಂಟು ಡಿಗ್ರಿ ಅಥವಾ ಇನ್ನೂ ಕೆಳಗಿನ ಚಳಿಯಲ್ಲಿ, ಹಲವು ವೇಳೆ ನಡುರಾತ್ರಿಯಲ್ಲಿ, ಕೀಳಬೇಕು. ಜಗುಲಿಯ ಮೇಲೆ ಕುಳಿತವನಿಗೆ ಆ ಕೈಗಳು ಕಾಣುವುದಿಲ್ಲ. ನಮ್ಮಲ್ಲಿ ಕಾಯಕವೆಂಬ ಮಾತನ್ನು ಕೇಳಿ ಬೆಳೆದವರು ಮೊದಲು ಕಾಣಬೇಕಾದುದು ಆ ಕೈಗಳನ್ನೇ.

ಆ ರೈತನೂ ಸುಖವಾಗಿಲ್ಲ. 2023ರ ಆಗಸ್ಟಿನಲ್ಲಿ ಪಶ್ಚಿಮ ಕೆಲೋನಾದ ಸುತ್ತ ಕಾಡುಗಿಚ್ಚು ಹಬ್ಬಿ ನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನಿರಾಶ್ರಿತರಿಗೂ ಬೆಂಕಿ ಆರಿಸುವವರಿಗೂ ಕೋಣೆಗಳು ದೊರೆಯಲೆಂದು, ವಿಹಾರಕ್ಕೆ ಬಂದು ವಸತಿಗೃಹಗಳಲ್ಲಿ ತಂಗುವುದನ್ನು ಸರಕಾರವು ಕೆಲವು ದಿನ ನಿಷೇಧಿಸಬೇಕಾಯಿತು. ಅದರ ಬೆನ್ನಿಗೇ 2024ರ ಜನವರಿಯ ಘೋರ ಚಳಿಯು ಬಳ್ಳಿಗಳ ಮೊಗ್ಗನ್ನು ಕೊಂದು ಆ ವರ್ಷದ ಬೆಳೆಯನ್ನು ಹೆಚ್ಚುಕಡಮೆ ಪೂರ್ಣವಾಗಿ ನುಂಗಿತು. ಆಗ ಸರಕಾರವು ಹೊರಗಿನ ದ್ರಾಕ್ಷಿಯನ್ನೂ ದ್ರಾಕ್ಷಿರಸವನ್ನೂ ತರಿಸಿ ವೈನ್ ಮಾಡಲು ತಾತ್ಕಾಲಿಕವಾಗಿ ಅನುಮತಿ ಕೊಟ್ಟಿತು. ಸಂಕಟದಲ್ಲಿದ್ದವರಿಗೆ ಆಸರೆ ಕೊಟ್ಟುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ “ಈ ನೆಲದ, ಈ ಬಿಸಿಲಿನ, ಈ ಸರೋವರದ ಗಾಳಿಯ ರುಚಿ ಇದರಲ್ಲಿದೆ” ಎಂಬ ಮಂತ್ರವನ್ನೇ ಜಪಿಸುತ್ತಿದ್ದ ವ್ಯಾಪಾರವು ಹೊರಗಿನ ಹಣ್ಣಿನಿಂದಲೂ ನಡೆಯಬಲ್ಲುದಾದರೆ, ಮಾರಾಟವಾಗುತ್ತಿದ್ದುದು ನೆಲದ ರುಚಿಯೋ, ಇಲ್ಲವೆ ಜಗುಲಿಯ ನೋಟವೋ? ರೈತನ ಹಿತವೇ ನಮ್ಮ ಕಾಳಜಿಯಾದರೆ ಅದೇ ಕಣಿವೆಯ ರಸ್ತೆಬದಿಯಲ್ಲಿ ಚೆರಿಯನ್ನೂ ಪೀಚನ್ನೂ ಸೇಬನ್ನೂ ಬುಟ್ಟಿಗಳಲ್ಲಿ ಇಟ್ಟುಕೊಂಡು ಕುಳಿತ ಬೆಳೆಗಾರನಿದ್ದಾನೆ. ಅವನಿಂದ ಕೊಳ್ಳಿರಿ.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ಮಗುವಿನ ಕೈ ಹಿಡಿದು ಸಾರಾಯಿ ಅಂಗಡಿಗೆ ಹೋದ ತಂದೆಯನ್ನು ಊರೆಲ್ಲ ಛೀಮಾರಿ ಹಾಕುತ್ತಿತ್ತು. ಆ ನಾಚಿಕೆಯೇ ಅನೇಕ ಮನೆಗಳನ್ನು ಉಳಿಸಿತು. ವೈನರಿಯ ಜಗುಲಿಯಲ್ಲಿ ಆ ನಾಚಿಕೆಗೆ ಎಡೆಯಿಲ್ಲ. ಹತ್ತೊಂಬತ್ತು ತುಂಬದವರಿಗೆ ಕಾನೂನು ಅಲ್ಲಿ ಮದ್ಯ ಕೊಡಿಸುವುದಿಲ್ಲ, ನಿಜ. ಆದರೆ ಮಗು ನೋಡುತ್ತದೆ. ಬೆಟ್ಟ ಚೆಲುವಾಗಿದೆ, ತಾಯಿ ನಗುತ್ತಿದ್ದಾಳೆ, ತಂದೆ ಲೋಟವನ್ನು ಬೆಳಕಿಗೆ ಹಿಡಿದು ಬಣ್ಣವನ್ನು ವರ್ಣಿಸುತ್ತಿದ್ದಾನೆ. ಸಂತೋಷಕ್ಕೂ ಸೌಂದರ್ಯಕ್ಕೂ ಮದ್ಯವೇ ಜೊತೆಯೆಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಅದು ಕಲಿಯುತ್ತದೆ. ಹತ್ತು ವರ್ಷಗಳ ಮೇಲೆ ಆ ಮಗು ಬೇರೆ ಊರಿನ ಬೇರೆ ಕೋಣೆಯಲ್ಲಿ ಒಂಟಿಯಾಗಿ ಕುಡಿಯತೊಡಗಿದರೆ ಅಲ್ಲಿ ಸರೋವರ ಇರುವುದಿಲ್ಲ, ಸೀಸೆ ಮಾತ್ರ ಇರುತ್ತದೆ. ಆಗ ತಂದೆ ಯಾವ ಬಾಯಿಂದ ಬುದ್ಧಿ ಹೇಳಬೇಕು?

ಇದು ದೂರದ ಕೆನಡಾದ ಮಾತೆಂದು ಇಲ್ಲಿಯವರು ಮೈಮರೆಯಬಾರದು. 2007ನೆಯ ಇಸವಿಯನ್ನು ನೆನೆಯಿರಿ. ಆ ವರ್ಷ ಜುಲೈ 1ರಿಂದ ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಬಡ ಹೆಣ್ಣುಮಕ್ಕಳು ಕೈಯೆತ್ತಿ ಹರಸಿದರು, ನಾವೂ ಸಂತೋಷಪಟ್ಟೆವು. ಅದೇ 2007ರಲ್ಲಿ ಅದೇ ಸರಕಾರವು ದ್ರಾಕ್ಷಿಯನ್ನು ವೈನ್ ಮಾಡುವ ಉದ್ಯಮಕ್ಕೆ ಉತ್ತೇಜನ ಕೊಡುವ ನೀತಿಯನ್ನೂ ಹೊರಡಿಸಿತು. ಕೂಲಿಯವನ ಪಾಕೀಟು ಪಾಪವಾಯಿತು, ಉಳ್ಳವನ ಲೋಟ ಪ್ರಗತಿಯಾಯಿತು. ಇಂದು ನಂದಿಬೆಟ್ಟದ ಸುತ್ತಿನ ದ್ರಾಕ್ಷಿತೋಟಗಳಿಗೆ ಬೆಂಗಳೂರಿನ ಸುಶಿಕ್ಷಿತರು ಕುಟುಂಬಸಮೇತ ‘ರುಚಿ ನೋಡಲು’ ಹೋಗುತ್ತಾರೆ. ಓಕನಾಗನ್ ನಮಗೆ ಎಷ್ಟು ದೂರ? ದ್ರಾಕ್ಷಿಗೆ ಮದ್ಯವಾಗುವುದೊಂದೇ ಗತಿಯೆಂದು ಹೇಳುವವರು ವಿಜಯಪುರದ ಕಡೆಗೆ ಹೋಗಿ ನೆರಳಿನಲ್ಲಿ ಹರವಿದ ಒಣದ್ರಾಕ್ಷಿಯ ರಾಶಿಯನ್ನು ನೋಡಿಬರಲಿ.

ನಾವು ನಿಷೇಧದ ಕಾನೂನನ್ನು ಬೇಡುತ್ತಿಲ್ಲ. ಅದು ಬ್ರಿಟಿಷ್ ಕೊಲಂಬಿಯಾದಲ್ಲಿ ನಾಲ್ಕೇ ವರ್ಷ ಬಾಳಿತು. ಕಾನೂನು ಬಾಗಿಲು ಮುಚ್ಚಬಲ್ಲುದು, ಬಯಕೆಯನ್ನು ಮುಚ್ಚಲಾರದು. ನಾವು ಕೇಳುವುದು ವಿವೇಕವನ್ನು. ಓಕನಾಗನ್ನಿಗೆ ಹೋಗುವ ಹಳೆಯ ವಿದ್ಯಾರ್ಥಿಗಳೆ, ಅವಶ್ಯವಾಗಿ ಹೋಗಿರಿ. ಮುಂಜಾನೆ ಸರೋವರದ ದಡದಲ್ಲಿ ನಡೆಯಿರಿ. ಕೆಲೋನಾದ ಮೇಲಣ ಮೈರಾ ಕಮರಿಯಲ್ಲಿ ಹಳೆಯ ರೈಲುದಾರಿಯ ಮರದ ಸೇತುವೆಗಳಿವೆ. 2003ರ ಕಾಡುಗಿಚ್ಚಿನಲ್ಲಿ ಬಹುಪಾಲು ಸುಟ್ಟುಹೋದವನ್ನು ಜನ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಸುಟ್ಟದ್ದನ್ನು ಮನುಷ್ಯ ಹೇಗೆ ಕಟ್ಟುತ್ತಾನೆಂಬುದನ್ನು ತೋರಿಸಿರಿ. ತೋಟದಲ್ಲಿ ದುಡಿಯುವವನು ಎದುರಾದರೆ ನಿಂತು ಕುಶಲ ಕೇಳಿರಿ. ಗೆಳೆಯರು ವೈನರಿಗೆ ಕರೆದರೆ ಕೋಪಿಸಿಕೊಳ್ಳಬೇಡಿರಿ, ಉಪದೇಶವನ್ನೂ ಮಾಡಬೇಡಿರಿ. “ನಾವು ಕುಡಿಯುವುದಿಲ್ಲ” ಎಂದು ನಗುಮುಖದಿಂದ ಹೇಳಿರಿ. ಆ ನಾಲ್ಕು ಮಾತಿಗೆ ವಿವರಣೆ ಬೇಕಿಲ್ಲ, ಸಂಕೋಚವೂ ಬೇಕಿಲ್ಲ. ಸರೋವರವು ಯಾರಿಂದಲೂ ಶುಲ್ಕ ಕೇಳದೆ ತನ್ನ ಚೆಲುವನ್ನು ಕೊಡುತ್ತಿದೆ. ಅದನ್ನು ಕಾಣಲು ಎರಡು ಕಣ್ಣು ಸಾಕು. ಆ ಕಣ್ಣುಗಳು ಮಂಜಾಗದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ.